ಇಸಾಕ್ ಸಾಬರ ಬಿಳಿ ಗೆರೆ

ಸಿರಾದಿಂದ ಹುಲಿಕುಂಟೆ ಕಡೆಗೆ ಹೊರಟಿದ್ದ ನಮ್ಮ ಬಸ್ಸು ಕರಿಯಮ್ಮನ ಕೆರೆಯ ಏರಿ ಹತ್ತುವ ಹೊತ್ತಿಗೆ ಮಳೆ ಹಿಡಿದುಕೊಂಡಿತು. ಯುದ್ಧ ಮುಗಿದ ವರ್ಷ ಅದು. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಲಿನ ಹೊಗೆಯಲ್ಲೇ ಓಡುತ್ತಿದ್ದವು, ನೆನೆದ ಇದ್ದಲು ಹೊತ್ತಲಿಲ್ಲ. ಡ್ರೈವರ್ ಖಲೀಲುಲ್ಲಾ ಒಂದಷ್ಟು ಊದಿ, ಒಂದಷ್ಟು ಬೈದು, ಕೊನೆಗೆ ಏರಿಯ ತುದಿಯಲ್ಲಿದ್ದ ಹಂಚಿನ ಮನೆ ತೋರಿಸಿ, ಮಳೆ ನಿಲ್ಲುವವರೆಗೆ ಬಸವಮ್ಮಜ್ಜಿಯ ಮನೆಯಲ್ಲಿ ಕೂತಿರೋಣ ಎಂದ.

ಊರೂರು ತಿರುಗಿ ಮಕ್ಕಳಿಗೆ ಸಿಡುಬು ಬಾರದಂತೆ ದೇವಿ ಹಾಕುವ ಕೆಲಸ ನನ್ನದು. ನನ್ನ ಜೊತೆ ಕಡಲೆಕಾಯಿ ವ್ಯಾಪಾರದ ವೃಷಭೇಂದ್ರಪ್ಪ, ಪಟ್ಟನಾಯಕನಹಳ್ಳಿ ಮಠಕ್ಕೆ ಹೋಗಿ ಬರುತ್ತಿದ್ದ ಗಂಡ ಹೆಂಡತಿ, ಇನ್ನೂ ಇಬ್ಬರು ಮೂವರು. ಅಜ್ಜಿ ಒಲೆಯ ಮುಂದೆ ಕಂಬಳಿ ಹಾಸಿ ಕೂರಿಸಿದಳು. ಹೊರಗೆ ಇನ್ನೂ ಸಂಜೆಯ ಬೆಳಕಿತ್ತು. ಬಾಗಿಲಿನಾಚೆ ಕೆರೆ ಕಣ್ಣು ಹೋದಷ್ಟು ದೂರ ಹರಡಿಕೊಂಡಿತ್ತು. ಇಷ್ಟು ದೊಡ್ಡ ಕೆರೆ, ದಾರಿ ಮುಳುಗಿದಾಗಲಾದರೂ ಸರ್ಕಾರ ಒಂದು ದೋಣಿ ಇಡಬಾರದೇ ಎಂದು ವೃಷಭೇಂದ್ರಪ್ಪ ಗೊಣಗಿದರು. ಖಲೀಲುಲ್ಲಾ ತಟ್ಟನೆ ಅಜ್ಜಿಯ ಮುಖ ನೋಡಿದ. ಅಜ್ಜಿ ಕಡಲೆಕಾಯಿ ಹುರಿಯುತ್ತಿದ್ದ ಬಾಣಲೆ ಇಳಿಸಿ, ನಮ್ಮ ಕಡೆ ತಿರುಗಿ ಕೂತಳು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಹೇಳುತ್ತೇನೆ.

ದೋಣಿ ಇತ್ತು ಸ್ವಾಮಿ. ದೋಣೀನೂ ಇತ್ತು, ಅದಕ್ಕೆ ಸರ್ಕಾರದ ಲೈಸೆನ್ಸೂ ಇತ್ತು... ಅದಕ್ಕೂ ಮುಂಚೆ ಏನಿತ್ತು ಅಂದ್ರೆ, ನಮ್ಮನೆ ಹರಿಗೋಲು. ನಮ್ಮ ಮಾವ, ಅವರಪ್ಪ, ಎಲ್ಲಾ ಈ ಕೆರೇನಾಗೆ ಹರಿಗೋಲು ಹಾಕಿ ಜನಾನ ಆ ದಡಕ್ಕೆ ದಾಟಿಸಿದೋರು. ಕೆರೆ ಕೋಡಿ ಬಿತ್ತು ಅಂದ್ರೆ ಸಿರಾ ದಾರಿ ಮುಳುಗೋದು, ಸಂತೆಗೆ ಹೋಗೋರು, ಬಾಣಂತನಕ್ಕೆ ಹೋಗೋರು, ಕೋರ್ಟಿಗೆ ಹೋಗೋರು, ಎಲ್ಲಾ ನಮ್ಮನೆ ಬಾಗ್ಲಿಗೇ ಬರೋರು. ನನ್ನ ಗಂಡನ ಹೆಸ್ರು... ಹೇಳಬಾರದು ಅಂತಾರೆ, ಹೇಳ್ಬುಡ್ತೀನಿ, ಅಡವಯ್ಯ ಅಂತ. ‘ಅವನು’ ಅಂತೀನಿ, ತಪ್ಪು ತಿಳ್ಕಬ್ಯಾಡಿ. ಊರೋರೂ ಅವನ್ನ ಅಂಗೇ ಅಂತಿದ್ರು. ಅದೇ ಅವನಿಗೆ ಮುಳ್ಳಾಗಿದ್ದು.

ಯಾಕೆ ಅಂದ್ರೆ, ಇಸಾಕ್ ಸಾಬ್ರು ಬಂದ್ರಲ್ಲ, ಅವರ್ನ ಮಾತ್ರ ಎಲ್ರೂ ‘ಅವ್ರು’ ಅನ್ನೋರು. ಸಿರಾದೋರೇ ಅವ್ರು. ಸಣ್ಣ ವಯಸ್ನಾಗೆ ಬೊಂಬಾಯಿಗೆ ಹೋಗಿ ಒಬ್ಬ ಸೇಟು ತಾವ ಸುಕ್ಕಾನಿ ಆಗಿದ್ರಂತೆ, ಅಂದ್ರೆ ಹಡಗಿನ ಚುಕ್ಕಾಣಿ ಹಿಡಿಯೋನು. ಆ ಸೇಟು ತಾವ ಒಂದು ಹಾಯಿದೋಣಿ. ಮೀನು ಹಿಡಿಯಕ್ಕಲ್ಲ, ಸಾಮಾನು ಸಾಗಿಸಕ್ಕಲ್ಲ, ದೊರೆಗಳು ಬಾಡಿಗೆ ಕೊಟ್ಟು ಸುಮ್ನೆ ಸಮುದ್ರದ ಮ್ಯಾಲೆ ಗಾಳಿ ತಕಳಕ್ಕೆ... ಅಂತಾದ್ದೂ ಐತೆ ನೋಡಿ ಲೋಕದಾಗೆ. ಅದರ ಚುಕ್ಕಾಣಿ ಹಿಡೀಬೇಕು ಅಂದ್ರೆ ಬಂದರಿನ ಆಫೀಸರ ಮುಂದೆ ಪರೀಕ್ಷೆ ಕೊಡಬೇಕಂತೆ. ಅದನ್ನ ಪಾಸು ಮಾಡಿ, ಹಿತ್ತಾಳೆ ಗುಂಡಿ ಇರೋ ನೀಲಿ ಕೋಟು ಹಾಕ್ಕಂಡು, ತಾಯಿಗೆ ಕಾಯಿಲೆ ಅಂತ ಊರಿಗೆ ಬಂದ್ರು.

ಅದೇ ಕಾಲಕ್ಕೆ ಎಲ್ಲೋ ಒಂದು ಹೊಳೇನಾಗೆ ಜನ ಜಾಸ್ತಿಯಾಗಿ ಹರಿಗೋಲು ಮಗುಚ್ಕಂಡು, ಸರ್ಕಾರದೋರು ಕಾನೂನು ತಂದ್ರು. ಒಂದು ಕೆರೆಗೆ ಒಂದೇ ಲೈಸೆನ್ಸು, ದೋಣಿ ಪಕ್ಕಕ್ಕೆ ಬಿಳಿ ಗೆರೆ ಬಳೀಬೇಕು. ಜನ ಹತ್ತಿದಂಗೆಲ್ಲಾ ದೋಣಿ ತಗ್ಗುತೈತಲ್ಲ, ನೀರು ಆ ಗೆರೆ ಮುಟ್ತು ಅಂದ್ರೆ ಮುಗೀತು, ಆಮ್ಯಾಲೆ ಒಂದು ಕೋಳಿ ಮರೀನೂ ಹತ್ತಂಗಿಲ್ಲ. ಸಾಬ್ರು ಒಂದು ಮರದ ದೋಣಿ ಮಾಡಿಸ್ಕಂಡು ಲೈಸೆನ್ಸು ಕೇಳಿದ್ರು, ನನ್ನ ಗಂಡಾನೂ ಕೇಳ್ದ; ಅಮಲ್ದಾರರು ಬಂದು ಇಬ್ರುನ್ನೂ ಕೆರೆ ದಾಟ್ಸಿ ನೋಡಿದ್ರು. ಬೇಗ ದಾಟಿದೋನು ನನ್ನ ಗಂಡಾನೇ. ಆದ್ರೆ ಏನು ಬಂತು? ಬಿದಿರು ಬುಟ್ಟಿಗೆ ಚರ್ಮ ಹೊದ್ಸಿರೋ ಹರಿಗೋಲಿಗೆ ಎಲ್ಲಿ ಅಂತ ಗೆರೆ ಬಳೀತೀರಿ? ಲೈಸೆನ್ಸು ಸಾಬ್ರಿಗೆ ಹೋಯ್ತು.

ಸಾಬ್ರು ಕೆಟ್ಟೋರಾಗಿದ್ರೆ ನನ್ನ ಗಂಡ ಬದುಕ್ತಿದ್ನೋ ಏನೋ. ಅವ್ರು ಒಳ್ಳೇರು, ಅದೇ ಬಂದಿದ್ದು ತೊಂದ್ರೆ. ಲೈಸೆನ್ಸು ಸಿಕ್ಕಿದ್ದೇ ನಮ್ಮನೆಗೆ ಬಂದು, ಇದೇ ಜಗಲಿ ಮ್ಯಾಲೆ ಕುಂತು, "ಅಡವಯ್ಯ ಭಾಯ್, ಈ ಕೆರೆ ತಳ ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ನೀನು ಹುಟ್ಟು ಹಾಕು, ನಾನು ಚುಕ್ಕಾಣಿ ಹಿಡೀತೀನಿ" ಅಂದ್ರು. ಬಂದಿದ್ರಾಗೆ ಸಮಪಾಲು ಅಂದ್ರು. ಅವನು ಹೂಂ ಅಂದ. ಸಾಬ್ರು ಹೋದ ಮ್ಯಾಲೆ ಗೋಡೆ ಕಡೆ ತಿರಿಕ್ಕಂಡು ಮಲಗ್ದ. ಆವತ್ತಿಂದ ಉಣ್ಣೋವಾಗ, ಮಲಗೋವಾಗ, ಅವರದ್ದೇ ಮಾತು. ಸಾಬ್ರು ನಿಂತರೆ ಜನ ಎದ್ದು ನಿಲ್ತಾರೆ. ಸಾಬ್ರಿಗೆ ‘ಬನ್ನಿ’, ನನಗೆ ‘ಬಾರ್ಲಾ’. ಒಂದ್ಸಲ ಪಟೇಲರ ಭಾಮೈದ ವೀರಭದ್ರಯ್ಯ ಅನ್ನೋರು ಗೆರೆ ಮುಟ್ಟಿದ ಮ್ಯಾಲೆ ಹತ್ತಕ್ಕೆ ಬಂದ್ರು. ಸಾಬ್ರು ಕೈ ಮುಗ್ದು ಇಳಿಸಿದ್ರು. ವೀರಭದ್ರಯ್ಯನೋರು ಸಿಡುಕ್ಲಿಲ್ಲ, ದಡದಾಗೆ ಕಾಯ್ಕಂಡು ಕುಂತ್ರು. ‘ನಾನು ಅಂಗೆ ಇಳ್ಸಿದ್ರೆ ಕೆನ್ನೆಗೆ ಬಾರ್ಸಿರೋನು’ ಅಂತ ಅವತ್ತೆಲ್ಲಾ ಉಣ್ಣಲಿಲ್ಲ ನನ್ನ ಗಂಡ. ಹೊಟ್ಟೆ ಉರಿ ಅಂತೀವಲ್ಲ, ನಿಜವಾಗ್ಲೂ ಉರೀತೈತೆ ಕಣಪ್ಪಾ. ಅವನ ಹೊಟ್ಟೆ ಮ್ಯಾಲೆ ತಣ್ಣೀರು ಬಟ್ಟೆ ಹಾಕಿದೀನಿ ನಾನು.

ಒಂದಿನ ಬೆಳಗ್ಗೆ ಅವನ ಬೆರಳಿಗೆ ಬಿಳಿ ಬಣ್ಣ ಮೆತ್ತಿತ್ತು. ಏನು ಅಂದೆ. ಗೆರೆ ಮಾಸಿತ್ತು, ಹೊಸದಾಗಿ ಬಳಿದೆ ಅಂದ. ಸರಿ ಅಂದ್ಕಂಡೆ. ಅವನು ಹಳೇ ಗೆರೆ ಹೆರೆದು ಹಾಕಿ, ನಾಕು ಬೆರಳು ಮ್ಯಾಲೆ ಬಳಿದಿದ್ದ. ಕೊಲ್ಲಬೇಕು ಅಂತಲ್ಲ... ಜನ ಜಾಸ್ತಿಯಾಗಿ ದೋಣಿಗೆ ನೀರು ನುಗ್ಗಲಿ, ಎಲ್ಲಾ ನೆಂದು ಬೈಕಂಡು ಇಳೀಲಿ, ಸಾಬರ ಲೈಸೆನ್ಸು ಹೋಗ್ಲಿ, ಅಷ್ಟೇ ಅವನ ಲೆಕ್ಕ. ಇದನ್ನ ಅವನೇ ನನ್ನ ತಾವ ಹೇಳಿದ್ದು, ಆಮ್ಯಾಲೆ. ಅವತ್ತು ಹೊಟ್ಟೆನೋವು ಅಂತ ಹುಟ್ಟು ಹಾಕಕ್ಕೆ ಹೋಗ್ಲಿಲ್ಲ, ಬದಲಿಗೆ ಒಬ್ಬ ಹುಡುಗನ್ನ ಕಳಿಸಿ ಏರಿ ಮ್ಯಾಲೆ ಕುಂತ್ಕಂಡ. ಸಂತೆ ದಿನ. ನಮ್ಮಕ್ಕನಿಗೆ ಸಿರಾದಾಗೆ ಹೆರಿಗೆ ನೋವು ಕಾಣಿಸ್ಕಂಡೈತೆ ಅಂತ ಸುದ್ದಿ ಬಂತು. ನಾನು ಓಡಿದೆ. ದೋಣಿ ತುಂಬೋಗಿತ್ತು. ಸಾಬ್ರು ಬಗ್ಗಿ ಗೆರೆ ನೋಡಿದ್ರು. "ಇನ್ನೂ ಜಾಗ ಐತೆ, ಬಾ ತಂಗಿ" ಅಂದ್ರು. ಹತ್ತಿ ಕುಂತೆ. ಎಲ್ಲಿ ಕುಂತೆ ಹೇಳಿ? ನನ್ನ ಗಂಡ ಕದ್ದು ಮಾಡಿದ ಜಾಗದಾಗೆ ನಾನೇ ಕುಂತೆ.

ತಿರುಗಿ ಏರಿ ಕಡೆ ನೋಡಿದೆ. ಅವನು ಎದ್ದು ನಿಂತಿದ್ದ. ನನ್ನ ನೋಡಿ ಬಾಯಿ ತೆಗೆದ. ‘ಇಳಿಯೇ’ ಅನ್ನೋ ಒಂದು ಮಾತು ಸಾಕಾಗಿತ್ತು. ಆದ್ರೆ ಯಾಕೆ ಇಳೀಬೇಕು ಅಂತ ಸಾಬ್ರು ಕೇಳಿದ್ರೆ...? ಬಾಯಿ ಮುಚ್ಕಂಡ. ಇದನ್ನ ನಾನು ಕಣ್ಣಾರೆ ಕಂಡಿದೀನಿ.

ಕೆರೆ ನಡುವಿಗೆ ಹೋಗೋ ಹೊತ್ತಿಗೆ ಪಡುವಲ ಗಾಳಿ ಎದ್ದಿತು. ಅಲೆ ಒಂದೊಂದೇ ದೋಣಿ ಒಳಕ್ಕೆ ಬೀಳ್ತಾ ಬಂತು. ಸಾಬ್ರು ದೋಣಿ ಪಕ್ಕಕ್ಕೆ ಕೈ ಇಳಿಬುಟ್ಟು ಗೆರೆ ಮುಟ್ಟಿ ನೋಡಿದ್ರು. ಹಸಿ ಬಣ್ಣ ಬೆರಳಿಗೆ ಹತ್ತಿತು. ಬೆರಳು ನೋಡಿದ್ರು... ಏರಿ ಮ್ಯಾಲೆ ನಿಂತಿದ್ದ ನನ್ನ ಗಂಡನ್ನ ನೋಡಿದ್ರು. ಕೋಟು ಬಿಚ್ಚಿ ನನ್ನ ಮಡಿಲಿಗಿಟ್ರು, ಯಾರೂ ಅಲುಗಾಡಬ್ಯಾಡಿ ಅಂದ್ರು, ದೋಣಿ ಹಗುರಾಗ್ಲಿ ಅಂತ ತಾವೇ ನೀರಿಗಿಳಿದ್ರು. ಹಿಂದಿಂದ ತಳ್ತಾ ಈಜ್ತಾ ಬಂದ್ರು. ಸಮುದ್ರ ಈಜಿದೋರಿಗೆ ಇದ್ಯಾವ ಕೆರೆ? ಆದ್ರೆ ಸಮುದ್ರದಾಗೆ ಜಾಲಿ ಮರ ಇರಾಕಿಲ್ಲ. ನಮ್ಮ ಕೆರೆ ಅಂಗಳದ ತುಂಬಾ ಜಾಲಿ, ನೀರು ಬಂದ್ರೆ ಮುಳುಗಿ ನಿಂತಿರ್ತವೆ. ಎಲ್ಲೆಲ್ಲಿ ಅಂತ ಗೊತ್ತಿದ್ದೋನು ಒಬ್ಬನೇ, ಅವನು ಏರಿ ಮ್ಯಾಲಿದ್ದ. ನಾವೆಲ್ಲಾ ದಡ ಸೇರಿದ್ವಿ. ಸಾಬ್ರು ಸೇರಲಿಲ್ಲ.

ಕೋಟು ತಕಂಡೋಗಿ ಅವರ ಹೆಂಡ್ತಿ ಅಮೀನಾಬಿ ಕೈಗೆ ನಾನೇ ಕೊಟ್ಟೆ. ಗಾಳಿಗೆ ಹಿಂಗಾಯ್ತು ಅಂತ ಊರು ನಂಬ್ತು. ದೋಣೀನೂ ಲೈಸೆನ್ಸೂ ನನ್ನ ಗಂಡನಿಗೆ ಬಂತು. ಬೇಕಾಗಿದ್ದೆಲ್ಲಾ ಸಿಕ್ತಲ್ಲ, ಇನ್ನೇನು ಅಂತೀರಾ? ಅಲ್ಲೇ ಶುರುವಾಗಿದ್ದು. ದೋಣಿ ಹತ್ತೋರೆಲ್ಲ ಇವನ್ನ ದಾಟ್ಕಂಡು ನೋಡೋರು. ಹಿಂದೆ ಚುಕ್ಕಾಣಿ ತಾವ ಹೂವ ಇಟ್ಟು ಕೈ ಮುಗಿಯೋರು. ಒಂದು ಮಗು ಖಾಲಿ ಜಾಗಕ್ಕೆ ಸಲಾಂ ಹೊಡೀತು. ಯಾರಿಗೆ ಅಂದ್ರೆ, ‘ಅಲ್ಲಿ ಕುಂತವ್ರಲ್ಲ, ಅವರಿಗೆ’ ಅಂತು. ನನ್ನ ಗಂಡ ಆ ಖಾಲಿ ಜಾಗಕ್ಕೆ, ಎಲ್ರ ಮುಂದೇನೇ, "ಇಳಿ. ದೋಣಿ ನಂದು" ಅಂದ. ಚುಕ್ಕಾಣಿ ತಾನಾಗೇ ತಿರುಗಿ ದೋಣಿ ನೆಟ್ಟಗೆ ದಡಕ್ಕೆ ಹೋಯ್ತು.

ಅವತ್ತು ಸಂಜೆ ಕಾಲು ತೊಳೆಯೋಕೆ ನೀರು ಕೊಟ್ಟಾಗ ನೋಡಿದೆ. ಎರಡು ಕಾಲಿಗೂ, ಪಾದದ ಮ್ಯಾಲೆ ಹರಡಿನ ಗಂಟಿನ ಸುತ್ತ, ಬಿಳೀ ಗೆರೆ. ಸೀಗೆಕಾಯಲ್ಲಿ ಉಜ್ಜಿದೆ, ಇಟ್ಟಿಗೆ ಪುಡಿಯಲ್ಲಿ ತಿಕ್ಕಿದೆ, ಹೋಗ್ಲಿಲ್ಲ. ಗೆರೆ ಕೆಳಗೆ ಮೈ ಮೀನಿನಂಗೆ ತಣ್ಣಗೆ, ನೀರಾಗೆ ನೆನೆಹಾಕಿದಂಗೆ ಸುಕ್ಕುಸುಕ್ಕು. ಮ್ಯಾಲೆ ಬೆಚ್ಚಗೆ. ಯಾರಾದ್ರೂ ಸಾಬರ್ನ ಹೊಗಳಿದ್ರೆ, ಇವನ ಹೊಟ್ಟೆ ಉರಿದ್ರೆ, ಗೆರೆ ಮ್ಯಾಲಕ್ಕೆ ಏರೋದು. ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು, ಎದೆಗೆ ಬಂತು. ಆವಾಗ ಹೇಳ್ದ ನೋಡಿ, ಗೆರೆ ಬಳಿದ ಸುದ್ದಿ. ನಾನು ಏನಂತ ಬೈಲಿ? ಎದೆಮಟ್ಟ ಮುಳುಗಿರೋನ್ನ. ನಡಿ, ಅಮೀನಾಬಿ ಕಾಲಿಗೆ ಬೀಳು ಅಂತ ಕರ್ಕಂಡು ಹೋದೆ.

ಆ ಪುಣ್ಯಾತಗಿತ್ತಿ ನಮಗೆ ಚಾಪೆ ಹಾಕಿ ಕೂರಿಸಿದ್ಲು, ಪಾನಕ ಕೊಟ್ಲು. ನಮ್ಮೋರು ನಿಮ್ಮ ಮಾತೇ ಆಡ್ತಿದ್ರು ಅಡವಯ್ಯನೋರೇ ಅಂದ್ಲು. ‘ಅಡವಯ್ಯನೋರೇ’... ಹುಟ್ಟಿದಾಗಿಂದ ಅವನ್ನ ಅಂಗೆ ಕರೆದೋಳು ಅವಳೊಬ್ಬಳೇ. ಅವನ ಕಣ್ಣಾಗೆ ನೀರು ಬಂತು. ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ ನಾನು ಕಾಯ್ತಾ ಕುಂತಿದ್ದೆ. ಅಷ್ಟರಾಗೆ ಗೂಟಕ್ಕೆ ನೇತುಹಾಕಿದ್ದ ನೀಲಿ ಕೋಟು ಕಂಡ. ಗುಂಡಿ ಉಜ್ಜಿ ಫಳಫಳ ಅನ್ನಿಸಿದ್ಲು ಅವಳು. ಮುಖ ಬದಲಾಯ್ತು ಸ್ವಾಮಿ. "ಆ ಕೋಟು ಕೊಡಮ್ಮ. ಲೈಸೆನ್ಸು ಇರೋದು ನನ್ನ ಹೆಸ್ರಿಗೆ" ಅಂದ. ಅಮೀನಾಬಿ ಎದ್ದು ಇಳಿಸಿ ಕೊಟ್ಬುಟ್ಲು.

ದಾರಿಯಾಗೇ ಹಾಕ್ಕಂಡ. ಗೆರೆ ಕತ್ತಿಗೆ ಬಂದಿತ್ತು, ಕಾಲರು ಎಳೆದು ಮುಚ್ಕಂಡ. ಮಾರನೇ ದಿನ ನಡುಬಿಸಿಲು, ಊರೋರೆಲ್ಲಾ ಕಣದಾಗೆ ರಾಗಿ ತೂರ್ತಾ ಇದ್ರು. ಇವನು ಕೋಟು ಹಾಕ್ಕಂಡು, ಎದೆ ಸೆಟೆಸ್ಕಂಡು ಕಣದ ಕಡೆ ಹೋದ, ನಾಕು ಜನ ನೋಡ್ಲಿ ಅಂತ; ನಾನೂ ಹಿಂದೇನೇ ಹೋದೆ. ದೂರದಿಂದ ಕೋಟು ಕಂಡಿದ್ದೇ ಎಲ್ರೂ ತೂರೋದು ಬುಟ್ಟು ಎದ್ದು ನಿಂತ್ರು. ಕೈ ಮುಗಿದ್ರು. ಅವನ ಮುಖ ಅರಳ್ತು... ಅಷ್ಟು ಅರಳಿದ್ದನ್ನ ನಾನು ಮದುವೇನಾಗೂ ಕಂಡಿರ್ಲಿಲ್ಲ. ಆವಾಗ ಯಾರೋ ಒಬ್ಬ ಮುದುಕ ಅಂದ, ಒಂದು ಗಳಿಗೆ ಇಸಾಕ್ ಸಾಬ್ರೇ ಬಂದಂಗಾಯ್ತಪ್ಪಾ ಅಂತ.

ನನ್ನ ಕಡೆ ತಿರುಗಿದ. "ಬಸ್ವಿ, ಇವತ್ತೂ ಅವನಿಗೇ ಕಣೇ ಕೈ ಮುಗ್ದಿದ್ದು" ಅಂದ. ಆ ಮಾತಿನ ಹಿಂದೇನೇ ಬಾಯಿಂದ ನೀರು ಬಂತು. ಕೆರೆ ನೀರು, ಪಾಚಿ ಸಮೇತ. ಸುತ್ತ ಒಣ ರಾಗಿ ಹುಲ್ಲು, ತಲೆ ಮ್ಯಾಲೆ ಸೂರ್ಯ. ಅದರ ಮಧ್ಯ ನಿಂತ್ಕಂಡು, ಕೈ ಬಡೀತಾ, ಮ್ಯಾಲಕ್ಕೆ ಬರಕ್ಕೆ ನೋಡ್ತಾ, ಮುಳುಗಿ ಸತ್ತ. ಕೋಟು ಬಿಚ್ಚಕ್ಕೆ ಬಗ್ಗಿದಾಗ ನೋಡಿದೆ, ಗೆರೆ ಮೂಗು ದಾಟಿ ಮ್ಯಾಲಕ್ಕೆ ಏರಿತ್ತು.

ಊರೋರು ದೋಣಿ ಸುಟ್ರು. ಆಮ್ಯಾಲೆ ಈ ಕೆರೆಗೆ ಲೈಸೆನ್ಸು ಕೇಳಿದೋನಿಲ್ಲ. ಇಲ್ಲಿರೋದು ಇಸಾಕ್ ಸಾಬರ ದೆವ್ವ ಅಂತಾರೆ ಜನ. ಸುಳ್ಳು. ಸಾಬ್ರು ಅವತ್ತು ಕಣದಲ್ಲೇ ಲೆಕ್ಕ ತೀರಿಸ್ಕಂಡು ಹೊರಟೋದ್ರು, ದೋಣಿ ಸುಡೋವಾಗ ಚುಕ್ಕಾಣಿ ತಾವ ಯಾರಿಗೂ ಕಾಣಿಸ್ಲಿಲ್ಲ. ಇಲ್ಲಿ ಉಳ್ಕಂಡಿರೋದು ನನ್ನ ಗಂಡ. ಮಳೆ ಬಂದ ದಿನ ಬಾಗ್ಲಾಚೆ ನಿಂತ್ಕಂಡಿರ್ತಾನೆ. ಒಳಗೆ ಕುಂತೋರನ್ನ ಒಬ್ಬೊಬ್ಬರನ್ನೇ ನೋಡ್ತಾನೆ... ತನ್ನಂಗೆ ಇನ್ನೊಬ್ಬರ ಒಳ್ಳೇದು ಕಂಡು ಒಳಗೊಳಗೇ ಬೇಯೋರು ಯಾರವ್ರೆ ಅಂತ. ಅಂತೋರು ಸಿಕ್ಕಿದ್ರೆ ಬುಡಾಕಿಲ್ಲ. ಅವನಿಗೂ ಜೊತೆ ಬೇಕಲ್ಲ ಸ್ವಾಮಿ?

ಅಜ್ಜಿ ಎದ್ದು ಒಲೆಗೆ ಇನ್ನೊಂದು ಕೊಳ್ಳಿ ತಳ್ಳಿದಳು. ಮಳೆ ನಿಂತಿತ್ತು. ಖಲೀಲುಲ್ಲಾ ಆಗಲೇ ಹೊರಗೆ ಬಸ್ಸಿನ ಹತ್ತಿರ ಹೋಗಿದ್ದ. ನಾವೂ ಏಳಬೇಕೆಂದು ಕೈ ಊರಿದೆವು. ಅವಳು ತಿರುಗದೆ, ಮೆತ್ತಗೆ ಹೇಳಿದಳು:

"ಇಷ್ಟೊತ್ತು ಬೆಂಕಿ ಮುಂದೆ ಕುಂತಿದ್ರಿ. ಎಲ್ರ ಕಾಲೂ ಒಣಗೈತೆ, ಒಬ್ಬರ್ದು ಬುಟ್ಟು. ಯಾರ್ದು ಅಂತ ನಾನು ಹೇಳಾಕಿಲ್ಲ. ಅವರಿಗೆ ಗೊತ್ತೈತೆ... ಆವಾಗ್ಲಿಂದ ಪಂಚೆ ಕೆಳಕ್ಕೆಳ್ಕಂಡು ಹರಡು ಮುಚ್ಕಂತಾವ್ರೆ."