ಬೆವರದ ಬೆರಳು

...ಅಲ್ಲ ಸಿಸ್ಟರ್, ನನ್ನ ತಂಗಿಗೆ ಫೋನ್ ಮಾಡೋಕೆ ನಿಮಗೆ ಯಾರು ಹೇಳಿದ್ದು? ಯಾರು? ಬೆಳಿಗ್ಗೆಯಿಂದ ಹತ್ತು ಸಲ ಫೋನ್ ಮಾಡಿ ಗೊಳೋ ಅಂತ ಅಳ್ತಿದ್ದಾಳೆ. "ಅಕ್ಕ, ಆಸ್ಪತ್ರೆಯವರು ಹೀಗಂದ್ರು, ನಾನು ರಜೆ ಹಾಕಿ ಬರ್ಲಾ?" ಅಂತ. ಏನಂದ್ರಿ ಅವಳಿಗೆ? ನಿಮ್ಮಕ್ಕ ಜೀವ ಕಳ್ಕೊಳ್ತಾಳೆ ಅಂತಾನಾ? ಹಾಗಂತ ಹೇಳಿದ್ದು ಯಾರು, ನನ್ನ ಬೆರಳಾ?

ನಗಬೇಡಿ... ನಗ್ತಿಲ್ವಾ? ಮತ್ತೆ ತುಟಿ ಯಾಕೆ ಹಾಗಾಯ್ತು?

ಖಿನ್ನತೆ ಅಂದ್ರಿ, ಒಪ್ಪಿಕೊಂಡೆ. ಮಾತ್ರೆ ಕೊಟ್ರಿ, ನುಂಗಿದೆ. ಅದೇನೋ ಸಂಶೋಧನೆ ಅಂದ್ರಿ, ಸಹಿ ಹಾಕಿದೆ. ಬೆರಳಿಗೆ ವೈರು ಸುತ್ತಿ, ಕಿವಿಗೆ ಹೆಡ್‌ಫೋನ್ ಹಾಕಿ, ಟೊಂಯ್ ಟೊಂಯ್ ಅಂತ ಒಂದೇ ಸದ್ದು! ಎಲ್ಲರಿಗೂ ಮೊದಲನೇ ಸದ್ದಿಗೆ ಬೆರಳು ಚೂರು ಬೆವರುತ್ತಂತೆ. ನಂದು ಬೆವರಲೇ ಇಲ್ಲವಂತೆ. ಅಷ್ಟಕ್ಕೇ ನಾನು ಜೀವ ಕಳ್ಕೊಳ್ಳೋ ಅಪಾಯ ಇದೆ ಅಂತೆ! ಇಪ್ಪತ್ತೆರಡು ವರ್ಷದಿಂದ ಈ ಕಟ್ಟುಹಲ್ಲು ತೀಡೋ ಮೋಟಾರು ನನ್ನ ಕಿವಿ ಪಕ್ಕದಲ್ಲೇ ಕಿರ್ರ್ ಅಂತಿದೆ. ನಿಮ್ಮ ಟೊಂಯ್‌ಗೆ ಬೆಚ್ಚಿಬೀಳ್ಬೇಕಾ ನಾನು?

ಇಲ್ಲಿ ನೋಡಿ, ಈ ಹಲ್ಲಿನ ಸೆಟ್ಟು. ಪಕ್ಕದ ಬೀದಿ ಹಲ್ಲಿನ ಡಾಕ್ಟರು ಕಳಿಸಿದ ಅಚ್ಚಿಗೆ ಕಟ್ಟಿದ್ದು, ವಾರೆ ದವಡೆ ಮುದುಕಂದು. ಅವನ ಹೆಂಡತಿಗೇ ಗೊತ್ತಾಗ್ಬಾರ್ದು ಕಟ್ಟಿದ ಹಲ್ಲು ಅಂತ, ಹಾಗಿದೆ! ಸಾಯೋಕೆ ಹೊರಟವಳ ಕೈಕೆಲಸ ಹೀಗಿರುತ್ತಾ? ಮುಂದಿನ ತಿಂಗಳ ಆರ್ಡರೂ ಮುಗಿಸಿ ಸಾಲಾಗಿ ಜೋಡಿಸಿಟ್ಟಿದೀನಿ.

ಅಕ್ಕ ಗಿಕ್ಕ ಅನ್ಬೇಡಿ! ನಿಮಗೂ ನನಗೂ ಏನು ಸಂಬಂಧ? ನಿಮಗೆ ಬೇಕಾಗಿರೋದು ನನ್ನ ಎಂಜಲು. ತಗೊಳ್ಳಿ, ಇದೇ ನಿಮ್ಮ ಡಬ್ಬಿ. ಏಳು ದಿನ ಎದ್ದ ತಕ್ಷಣ ಕೊಳವೆಗೆ ಉಗಿದಿಡಿ, ಮನಸ್ಸಿನ ಒತ್ತಡ ಎಷ್ಟು ಅಂತ ಅಳೀತೀವಿ ಅಂದ್ರಲ್ಲ... ಏಳೂ ತುಂಬಿದೆ. ಹೊರಡಿ. ಇನ್ನು ಈ ಕಡೆ ತಲೆ ಹಾಕ್ಬೇಡಿ.

ಎಣಿಸೋದೇನು? ನಾನೇನು ಸುಳ್ಳು ಹೇಳ್ತೀನಾ?

...ಕೊಳವೆ ಮೇಲಿನ ಚೀಟಿ ಓದ್ತಿದೀರಾ. ಹೂಂ, ನಿನ್ನೆ ಶುರು ಮಾಡಿದ್ದು, ಇವತ್ತು ಮಂಗಳವಾರ. ಗೊತ್ತು. ನಾಳೆದು, ನಾಡಿದ್ದಿಂದು, ಭಾನುವಾರದವರೆಗೂ... ಎಲ್ಲ ಇವತ್ತೇ ತುಂಬಿಟ್ಟೆ. ಅದಕ್ಕೇನೀಗ? ನಿಮಗೆ ಓಡಾಟ ತಪ್ಪಲಿ ಅಂತ! ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಟ್ಟು ಹೋಗೋಳಲ್ಲ ನಾನು.

ಎಲ್ಲಿಗೂ ಇಲ್ಲ! ಎಲ್ಲಿಗೆ ಹೋಗ್ಲಿ?

...ನೀವೇನೂ ಕೇಳ್ಲಿಲ್ಲ, ಅಲ್ವಾ?

ಹಾಗೆ ನೋಡ್ಬೇಡಿ. ಬೈಯಿರಿ. ಸ್ಯಾಂಪಲ್ಲೆಲ್ಲ ಹಾಳು ಮಾಡಿದೆ, ಬುದ್ಧಿ ಇಲ್ವಾ ನಿಮಗೆ ಅಂತ ಬೈಯಿರಿ... ಬ್ಯಾಗ್ ಯಾಕೆ ಕೆಳಗಿಟ್ರಿ? ಹೊರಡಿ ಅಂದೆನಲ್ಲ! ಇನ್ನೂ ನಾಲ್ಕು ಮನೆಗೆ ಹೋಗ್ಬೇಕು ಅಂತಿದ್ರಿ, ಹೋಗಿ! ನನ್ನೊಬ್ಬಳ ಮುಖ ನೋಡ್ತಾ ನಿಂತ್ರೆ ನಿಮ್ಮ ಸಂಬಳ ಬರುತ್ತಾ?

ಕುರ್ಚಿ ಎಳ್ಕೊಂಡು ಕೂತೇಬಿಟ್ರಾ ಸಿಸ್ಟರ್...

ನಾಳೆ ಬೆಳಿಗ್ಗೆ ಏಳೋ ಯೋಚನೆ ಇರ್ಲಿಲ್ಲ.

...ಅಷ್ಟೇ. ಹೇಳಿದೆ. ತಿಂಗಳಿಂದ ಗಂಟಲಲ್ಲೇ ಇತ್ತು. ಯಾರಿಗೂ ಹೇಳಿರ್ಲಿಲ್ಲ.

ಅಳ್ತಿಲ್ಲ, ಅಚ್ಚಿನ ಪ್ಲಾಸ್ಟರ್ ಪುಡಿ ಕಣ್ಣಿಗೆ... ಹೌದು, ಅಳ್ತಿದೀನಿ. ಏನೀಗ?

ಈಗ್ಲೇನಾ ಆಸ್ಪತ್ರೆಗೆ? ಆಯ್ತು... ಬರ್ತೀನಿ. ಒಳಗಿಂದ ಬಟ್ಟೆ ತಗೋಬೇಕು. ಇರಿ. ಇಲ್ಲ... ಇಲ್ಲಿ ಇರ್ಬೇಡಿ. ನೀವೂ ಬನ್ನಿ. ಒಬ್ಬಳನ್ನೇ ಒಳಗೆ ಕಳಿಸ್ಬೇಡಿ.