ಪರದೆಯ ಮೇಲಿನ ಕಪ್ಪು ಪಟ್ಟೆ

ಮಾನ್ಯ ಅಧ್ಯಕ್ಷರಾದ ಅನಂತರಾಜು ಅವರೇ, ಹಾರೋಹಳ್ಳಿಯಿಂದ ಬಂದಿರುವ ಮುಖ್ಯ ಅತಿಥಿಗಳೂ ಉದ್ಯಮಿಗಳೂ ಆದ ಮುನಿಕೃಷ್ಣ ಅವರೇ, ಟ್ರಸ್ಟಿನ ಸದಸ್ಯರೇ, ಹೆರಿಗೆ ವಾರ್ಡಿನಲ್ಲಿ ನನ್ನ ಜೊತೆ ನಿದ್ದೆಗೆಟ್ಟ ಸಿಸ್ಟರುಗಳೇ, ಸಾತನೂರು ಸುತ್ತಲಿನ ಹಳ್ಳಿಗಳಿಂದ ಬಸ್ಸು ಹಿಡಿದು ಬಂದಿರುವ ತಾಯಂದಿರೇ, ಸಭಿಕರೇ,

ನನಗೆ ಹೊದಿಸಿದ ಶಾಲನ್ನು ತೆಗೆದು ಮಡಚಿ ಕುರ್ಚಿಯ ಮೇಲಿಟ್ಟೆ. ಕೆಲವರು ಗಮನಿಸಿದ್ದೀರಿ. ಸೆಕೆಗೆ ಅಂತ ತಿಳಿಯಬೇಡಿ.

ನಿರೂಪಕರು ನನ್ನನ್ನು ಹೆತ್ತಬ್ಬೆ ಎಂದರು, ದೇವತೆ ಎಂದರು. 'ಡಾಕ್ಟರ್ ನಯನಾ ಅವರು ಸ್ವಂತ ಕಾರಣಗಳಿಂದ ನಮ್ಮ ಆಸ್ಪತ್ರೆಯನ್ನು ಅಗಲುತ್ತಿದ್ದಾರೆ' ಎಂದೂ ಹೇಳಿದರು. ದೇವತೆಗಳಿಗೆ ಸ್ವಂತ ಕಾರಣ ಇರುತ್ತದೆಯೇ, ಸಭಿಕರೇ? ನನಗಂತೂ ಇಲ್ಲ. ನನಗಿರುವುದು ಒಂದೇ ಕಾರಣ. ಅದು ಇಲ್ಲೇ, ವೇದಿಕೆಯ ಮೇಲೆ, ಚೆಂಡುಹೂವಿನ ಹಾರ ಹಾಕಿಸಿಕೊಂಡು ಕೂತಿದೆ. ನಮ್ಮ ಸ್ಕ್ಯಾನ್ ಯಂತ್ರ. ನನ್ನ ಭಾಷಣ ಮುಗಿದ ಮೇಲೆ ಇದರ ಪುನರಾರಂಭ.

ಈ ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಮುನಿಕೃಷ್ಣ ಅವರು ಇದನ್ನು ದಾನ ಕೊಟ್ಟಾಗ ನಾನು ಕುಣಿದಾಡಿದವಳು. ಒಂದು ಪೆಟ್ಟಿಗೆಯಷ್ಟು ಯಂತ್ರ, ಮಂಚದ ಪಕ್ಕಕ್ಕೇ ತರಬಹುದು, ಏಳಲಾರದ ಬಾಣಂತಿಯನ್ನು ಎತ್ತಿಕೊಂಡು ಓಡಾಡಬೇಕಿಲ್ಲ. ನನ್ನ ಮಗಳು ಸಿರಿಯ ಎದೆಬಡಿತವನ್ನು ನಾನು ಮೊದಲು ಕಂಡದ್ದು ಇದೇ ಪರದೆಯಲ್ಲಿ. ನಮ್ಮ ಸ್ಕ್ಯಾನ್ ಡಾಕ್ಟರು ಮನೋಹರ್, 'ನೋಡಿ ಮೇಡಂ, ಹೆಂಗೆ ಮಿಣುಕ್ತಾ ಐತೆ' ಎಂದರು. ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಒಂದು ಚುಕ್ಕೆ ಸಿಡಿಯುತ್ತಿತ್ತು. ಮದುವೆಯಾಗಿ ಎಷ್ಟೋ ವರ್ಷ ಕಾದವಳು ನಾನು. ಡಾಕ್ಟರ್ ಎಂಬುದನ್ನೂ ಮರೆತು ಸಿಸ್ಟರ ಸೆರಗು ಹಿಡಿದು ಅತ್ತೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೋ. ಇರಲಿ.

ಆ ಯಂತ್ರವನ್ನು ನಾವು ಏನು ಮಾಡಿದೆವು? ಮಾತನಾಡುವ ಭಾಗ್ಯ ಇವತ್ತೊಂದು ದಿನ ಸಿಕ್ಕಿದೆ, ಹೇಳಿಬಿಡುತ್ತೇನೆ.

ಕೆಂಗಲ್ ಹತ್ತಿರ ಟ್ರಸ್ಟಿನ ಶಿಬಿರ ಎಂದು ಜೀಪಿನಲ್ಲಿ ಕುಲುಕಿಸಿಕೊಂಡು ಒಯ್ದರು. ಅಲ್ಲಿ ಸ್ಕ್ಯಾನ್ ಮಾಡಲು ಅನುಮತಿಯೇ ಇರಲಿಲ್ಲ. ಬ್ಯಾನರಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು ಫೋಟೋ ತೆಗೆದರು, ಅಷ್ಟೆ. ಯಾರದೋ ಕಾಲು ವೈರಿಗೆ ಸಿಕ್ಕಿತು. ಹೊಟ್ಟೆಯ ಮೇಲೆ ಆಡಿಸುವ ಹಿಡಿಕೆ, ಪ್ರೋಬ್ ಅನ್ನುತ್ತೇವಲ್ಲ, ಅದು ಚಪ್ಪಡಿ ಕಲ್ಲಿನ ಮೇಲೆ ಬಿತ್ತು. ಎತ್ತಿಕೊಂಡು ಹೋಗಬಹುದಾದ ಯಂತ್ರ ಎಂದರೆ ಎತ್ತಿ ಹಾಕಬಹುದಾದ ಯಂತ್ರ ಎಂದು ಅರ್ಥವೇ, ಸ್ವಾಮಿ?

ನಗಬೇಡಿ. ನಗುವ ಮಾತಲ್ಲ.

ಅಂದಿನಿಂದ ಪರದೆಯ ಮೇಲೆ ಒಂದು ಕಪ್ಪು ಪಟ್ಟೆ. ಮೇಲಿನಿಂದ ಕೆಳಗಿನವರೆಗೆ, ಅಲ್ಲಿ ಏನಿದ್ದರೂ ಕಾಣುವುದಿಲ್ಲ. ಪ್ರೋಬಿನ ಮುಖದಲ್ಲಿ ಕೂದಲೆಳೆಯ ಬಿರುಕು. ಬೇರೆ ಪ್ರೋಬ್ ತರಿಸಿ ಎಂದೆ. ಕಂಪನಿಯವರನ್ನು ಕರೆಸಿ ತೋರಿಸಿ ಎಂದೆ. ಬಿರುಕಿನೊಳಗೆ ಜೆಲ್ ಇಳಿದರೆ ಮಲಗಿದವಳಿಗೆ ಶಾಕ್ ಹೊಡೆಯಬಹುದು ಎಂದೆ. ಅಧ್ಯಕ್ಷರು ನನ್ನನ್ನು ಕೂರಿಸಿಕೊಂಡು ಕಾಫಿ ಕೊಟ್ಟು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. 'ಮೇಡಂ, ಸ್ವಿಚ್ ಹಾಕಿದ್ರೆ ಆನ್ ಆಯ್ತದಲ್ವಾ? ಇನ್ನೇನ್ ಬೇಕು ನಿಮ್ಗೆ?'

ಆಯುಧಪೂಜೆಗೆ ಮಾತ್ರ ಯಾರೂ ಮರೆಯಲಿಲ್ಲ. ಪ್ರೋಬಿನ ಮುಖವನ್ನು ಸ್ಪಿರಿಟ್ಟಿನಲ್ಲಿ ಗಸಗಸ ಉಜ್ಜಿದರು. ಆ ಮೆದು ರಬ್ಬರಿಗೆ ಸ್ಪಿರಿಟ್ ವಿಷ. ಕುಂಕುಮ ಮೆತ್ತಿದರು. ಗಾಳಿಯಾಡುವ ಕಿಂಡಿ ಮುಚ್ಚುವಂತೆ ಮಖಮಲ್ಲಿನ ಗವಸು ಹೊಲಿಸಿದರು. ಜೆಲ್ ಮುಗಿದಾಗ ಕೊಬ್ಬರಿ ಎಣ್ಣೆ ಹಚ್ಚಿದರು. ಪೂಜೆಗೆ ಎಲ್ಲರಿಗೂ ಬಿಡುವಿತ್ತು. ಒಬ್ಬಳಿಗೆ ಬಳಸಿದ್ದನ್ನು ಇನ್ನೊಬ್ಬಳಿಗೆ ಮುಟ್ಟಿಸುವ ಮೊದಲು ಒರೆಸಲು ಬಿಡುವಿರಲಿಲ್ಲ.

ದಿನ ಕಳೆದಂತೆ ನಮಗೆಲ್ಲ ಆ ಕಪ್ಪು ಪಟ್ಟೆ ಅಭ್ಯಾಸವಾಯಿತು. ಇದನ್ನು ದಯವಿಟ್ಟು ಕೇಳಿಸಿಕೊಳ್ಳಿ. ಅಭ್ಯಾಸವಾಯಿತು.

ಅಖ್ತರಿ ಎಂಬ ಹುಡುಗಿ, ಇದೇ ಸಾತನೂರಿನವಳು. ಕನಕಪುರದ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕೆಲಸ. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಬೆರಳ ತುದಿಯೆಲ್ಲ ಬೆಳ್ಳಗೆ ಸುಕ್ಕಾಗಿತ್ತು. ಗಂಡ ರಸೂಲ್ ಗೂಡ್ಸ್ ಆಟೋ ಓಡಿಸುತ್ತಾನೆ. ಹೊಟ್ಟೆನೋವು ಎಂದು ಬಂದಳು. ನಾನು ಹೆರಿಗೆ ಕೋಣೆಯಲ್ಲಿದ್ದೆ. ಮನೋಹರ್ ಸ್ಕ್ಯಾನ್ ಮಾಡಿದರು. ಬಸಿರು ಗರ್ಭಕೋಶ ಬಿಟ್ಟು ನಾಳದಲ್ಲಿ ಕೂತು, ನಾಳ ಒಡೆದು, ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಸ್ಕ್ಯಾನಿನಲ್ಲಿ ರಕ್ತ ಯಾವ ಬಣ್ಣಕ್ಕೆ ಕಾಣುತ್ತದೆ, ಗೊತ್ತೇ? ಕಪ್ಪಗೆ. ಬರೀ ಕಪ್ಪಗೆ. ಮನೋಹರ್ ಆ ಕಪ್ಪನ್ನು ನೋಡಿದರು. ನಮ್ಮ ಯಂತ್ರದ ಪಟ್ಟೆ ಎಂದುಕೊಂಡರು. 'ಏನೂ ಇಲ್ಲಮ್ಮ, ಗ್ಯಾಸು' ಎಂದು ಮಾತ್ರೆ ಕೊಟ್ಟು ಕಳಿಸಿದರು.

ಸಂಜೆಯೊಳಗೆ ರಸೂಲ್ ಅವಳನ್ನು ಆಟೋದಲ್ಲಿ ಮಲಗಿಸಿಕೊಂಡು ವಾಪಸು ಬಂದ. 'ಡಾಕ್ಟ್ರೇ, ಸ್ಕ್ಯಾನಲ್ಲಿ ಏನೂ ಇಲ್ಲ ಅಂದ್ರು. ಆದ್ರೂ ಇವ್ಳು ನಿಂತ್ಕಳಾಕೇ ಆಯ್ತಿಲ್ಲ. ನೀವಾದ್ರೂ ಒಸಿ ನೋಡಿ' ಅಂದ. ಕಣ್ಣಿನ ರೆಪ್ಪೆ ಎಳೆದು ನೋಡಿದೆ. ಕಾಗದದ ಹಾಗೆ ಬಿಳುಪು. ಅವಳ ಗುಂಪಿನ ರಕ್ತ ಹತ್ತಿರದಲ್ಲೆಲ್ಲೂ ಸಿಗಲಿಲ್ಲ. ಬೆಂಗಳೂರಿಗೆ ಹೊರಟೆವು. ಅಂಬುಲೆನ್ಸಿನಲ್ಲಿ ನಾನೇ ಕೂತೆ. ನನ್ನ ಕೈ ಹಿಡಿದುಕೊಂಡು ಕೇಳಿದಳು: 'ಡಾಕ್ಟ್ರಮ್ಮ, ಸ್ಕ್ಯಾನಲ್ಲಿ ಏನೂ ಇಲ್ಲ ಅಂದವ್ರಲ್ಲಾ... ಮತ್ಯಾಕೆ ಅಂಬುಲೆನ್ಸು?'

ಹಾರೋಹಳ್ಳಿ ದಾಟಿದೆವು. ಕಗ್ಗಲೀಪುರ ಬರುವಷ್ಟರಲ್ಲಿ ನನ್ನ ಬೆರಳಿನ ಕೆಳಗೆ ಅವಳ ನಾಡಿ ನಿಂತಿತು.

ಮನೋಹರ್ ಇವತ್ತು ಸಭೆಗೆ ಬಂದಿಲ್ಲ. ಅಂದಿನಿಂದ ಅವರು ಪ್ರೋಬ್ ಮುಟ್ಟಿಲ್ಲ. ಅವರದು ತಪ್ಪಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ತಿಂಗಳುಗಟ್ಟಲೆ ಕೊಳಕು ಕನ್ನಡಕ ಹಾಕಿಸಿ, ಕೊನೆಗೆ ಎಡವಿದವನೊಬ್ಬನನ್ನೇ ಬಯ್ಯುವುದು ಯಾವ ನ್ಯಾಯ? ಕನ್ನಡಕ ತೊಡಿಸಿದವರು ಎಲ್ಲಿ ಕೂತಿದ್ದಾರೆ? ನನ್ನ ಎಡಕ್ಕೋ? ಬಲಕ್ಕೋ?

ಮಾರನೇ ದಿನವೇ ನಾನು ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಜಡಿದೆ. ಬೀಗದ ಕೈ ಕೊಡಿ, ಇಲ್ಲ ರಾಜೀನಾಮೆ ಕೊಡಿ ಎಂದರು. ರಾಜೀನಾಮೆ ಕೊಟ್ಟೆ. ಇವರು ಬೀಗ ಒಡೆದರು. ಸಭಿಕರೇ, ಇದೇ ನನ್ನ ಸ್ವಂತ ಕಾರಣ!

ಅಧ್ಯಕ್ಷರು ನನ್ನ ಹೊಗಳಿದರು, ನಾನೂ ಅವರನ್ನು ಒಂದು ಮಾತು ಕೇಳುತ್ತೇನೆ. ಸಾರ್, ನಿಮ್ಮ ಸೊಸೆ ಸೌಮ್ಯ ಬಸುರಿ. ಸಂತೋಷ, ಒಳ್ಳೆಯದಾಗಲಿ. ಮೊನ್ನೆ ಸ್ಕ್ಯಾನಿಗೆ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದಿರಿ. ಇಲ್ಲಿ ಯಾಕೆ ಮಾಡಿಸಲಿಲ್ಲ? ಸ್ವಿಚ್ ಹಾಕಿದರೆ ಆನ್ ಆಗುತ್ತದಲ್ಲ?

ಹೇಳಿ ಸಾರ್. ಮೈಕು ಬೇಕೇ?

ಮೈಕಿನ ಹುಡುಗನಿಗೆ ಸನ್ನೆ ಮಾಡುತ್ತೀರಾ. ಸರಿ.

ಮೈಕು ಕಸಿಯಬೇಡಪ್ಪ, ಮುಗಿಸುತ್ತಿದ್ದೇನೆ. ಸಿಸ್ಟರ್ ಚಿನ್ನಮ್ಮ, ಯಂತ್ರದ ಆ ಪ್ಲಗ್ಗನ್ನು ಗೋಡೆಯಿಂದ ಕಿತ್ತುಬಿಡಿ. ಕಿತ್ತಿರಾ? ಟೇಪು ಕತ್ತರಿಸಲು ತಟ್ಟೆಯಲ್ಲಿ ಕತ್ತರಿ ಇಟ್ಟಿದ್ದಾರೆ, ಒಳ್ಳೆಯ ಕತ್ತರಿ. ಮುನಿಕೃಷ್ಣ ಅವರೇ, ನೀವು ಕೊಟ್ಟ ದಾನ, ಕ್ಷಮಿಸಿ. ಇದು ಪ್ರೋಬಿನ ವೈರು.

ಗಟ್ಟಿ ಇದೆ. ಇನ್ನೊಮ್ಮೆ.

ಆಯಿತು.

ಇನ್ನು ಇದನ್ನು ಹಿಡಿದು ಯಾರೂ ಯಾರಿಗೂ 'ಏನೂ ಇಲ್ಲಮ್ಮ' ಎಂದು ಹೇಳಲಾರರು. ಹೊಸ ಪ್ರೋಬ್ ಬರುವವರೆಗೆ, ಹೊಟ್ಟೆನೋವೆಂದು ಬಂದ ಹೆಣ್ಣುಮಗಳಿಗೆ 'ಇಲ್ಲಿ ಸ್ಕ್ಯಾನ್ ಇಲ್ಲ, ಕನಕಪುರಕ್ಕೆ ಓಡು' ಎನ್ನುತ್ತಾರೆ. ಅವಳು ಓಡುತ್ತಾಳೆ. ಬದುಕಿಕೊಳ್ಳುತ್ತಾಳೆ. ಕೇಸು ಹಾಕುವವರು ಹಾಕಿ. ಕೈಯಲ್ಲಿ ಕತ್ತರಿ ಹಿಡಿದ ಫೋಟೋ ಈಗಾಗಲೇ ತೆಗೆದಿದ್ದೀರಿ.

ಇಷ್ಟು ಹೊತ್ತು ಎದ್ದು ಹೋಗದೆ ಕೂತ ತಾಯಂದಿರೇ, ಕೃತಜ್ಞತೆ ನಿಮಗೆ ಮಾತ್ರ. ನಮಸ್ಕಾರ.