ನನ್ನ ಕಿವಿ ಹೋಗಿ ನಿಮ್ಮಜ್ಜಿ ಬಿದ್ದಿದ್ದು

ಅಲ್ಲ, ಕಿರುಚ್ಬೇಡ ಕಣೋ, ಮಿಷನ್ ಹಾಕ್ಕಂಡಿದೀನಿ, ಕೇಳ್ಸುತ್ತೆ. ಯಾವತ್ತು ಕಿವಿ ಹೋಯ್ತು ತಾತ ಅಂದ್ರೆ ನಾನೇನ್ ಹೇಳ್ಲಿ? ಹಲ್ಲು ಹೋದ್ರೆ ಗೊತ್ತಾಗುತ್ತೆ, ಕೈಗೆ ಬರುತ್ತೆ. ಕಿವಿ ಹಂಗಲ್ಲ. ಹೋಗಿದ್ದು ನಂಗೂ ಗೊತ್ತಾಗ್ಲಿಲ್ಲ, ನಿಮ್ಮಜ್ಜಿಗೂ ಗೊತ್ತಾಗ್ಲಿಲ್ಲ. ಈಗ ಮೊಬೈಲ್ ಅಂಗಡಿಗೆ ಬಾಡಿಗೆ ಕೊಟ್ಟಿದೀವಲ್ಲ ಮುಂದಿನ ರೂಮು, ಅಲ್ಲಿ ನಮ್ದು ನಾಲ್ಕು ಪವರ್‌ಲೂಮ್ ಇದ್ವು. ಬೆಳಿಗ್ಗೆ ಸ್ವಿಚ್ ಹಾಕಿದ್ರೆ ಮುಗೀತು, ಟಕಾಟಕ್ ಟಕಾಟಕ್, ಗೋಡೆ ಮೇಲಿನ ದೇವರ ಫೋಟೋ ಎಲ್ಲಾ ಅಲ್ಲಾಡೋವು. ಅದ್ರ ಮಧ್ಯೆ ಯಾವನು ಮಾತಾಡ್ತಾನೆ? ಎಲ್ಲಾ ಕೈಸನ್ನೆ. ನೂಲು ಮುಗೀತು ಅಂದ್ರೆ ಬೆರಳು ಹಿಂಗೆ ತಿರುಗಿಸೋದು. ಸೀರೆ ಸಾಹುಕಾರ್ರು ಬರ್ತಾವ್ರೆ ಅಂದ್ರೆ ಮೀಸೆ ತಿರುವೋದು. ಮಿಕ್ಕಿದ್ದೆಲ್ಲ ತುಟಿ ನೋಡೇ ತಿಳ್ಕಳೋದು. ನಿಮ್ಮಜ್ಜಿ ನನ್ ಎದುರಿಗೇ ಕೂತ್ಕಂಡು ಲಾಳಿಗೆ ಹಾಕೋ ನೂಲು ಸುತ್ತೋಳು, ಅಲ್ಲಿಂದಾನೇ ನಂಜೊತೆ ಜಗಳ ಆಡೋಳು, ಒಂದು ಮಾತೂ ಆಚೆ ಕೇಳ್ತಿರ್ಲಿಲ್ಲ. ಕರೆಂಟ್ ಹೋದಾಗ ಬೀದಿಯೋರೆಲ್ಲ ಆಚೆ ಬಂದು ನಿಂತ್ಕಂಡು ಮಾತಾಡ್ತಿದ್ವಿ ಅನ್ನು, ಆದ್ರೆ ನಮ್ಮ ಬೀದೀಲಿ ಮಾತು ಅಂದ್ರೆ ಕೂಗಾಟ. ಹೊಸದಾಗಿ ಬಂದೋರು ಇಲ್ಲೇನೋ ಹೊಡೆದಾಟ ಆಗ್ತೈತೆ ಅನ್ಕಳೋರು. ಎಲ್ರೂ ಕಿವುಡ್ರೇ ಆದ್ರೆ ಕಿವುಡ ಅಂತ ಯಾರು ಯಾರಿಗೆ ಹೇಳ್ತಾರಪ್ಪ?

ಆಮೇಲೆ ಮಂಡಿ ಹೋಯ್ತು. ಇಲ್ಲ ಇಲ್ಲ, ಮೊದ್ಲು ಬೆನ್ನು, ಆಮೇಲೆ ಮಂಡಿ. ನಿಂತು ನಿಂತು ಸವೆದೈತೆ, ಸಾಕು ಬಿಡಿ ಅಂದ್ರು ಡಾಕ್ಟ್ರು. ನಿಮ್ಮಪ್ಪನಿಗೆ ಮಗ್ಗ ಬೇಡ, ಅವ್ನು ಆಗ್ಲೇ ದೇವನಹಳ್ಳಿ ಕಡೆ ಹೋಟ್ಲಲ್ಲಿ ಕೆಲ್ಸಕ್ಕೆ ಸೇರ್ಕಂಡಿದ್ದ. ಸರಿ, ನಾಲ್ಕೂ ಮಗ್ಗ ಬಿಚ್ಚಿ ಗುಜರಿಗೆ ಹಾಕಿದ್ವಿ. ಮಗ್ಗ ಬಿಚ್ಚಿದ್ರಲ್ಲ, ಅವತ್ತಿಂದ ನಂಗೆ ನಿದ್ದೆ ಇಲ್ಲ. ನಗ್ತೀಯೇನೇ ಪುಟ್ಟಿ? ಹುಟ್ಟಿದಾಗಿಂದ ಆ ಸದ್ದಲ್ಲೇ ಮಲಗಿದೋನು ನಾನು. ಹೊತ್ತು ಹೋಗಲ್ಲ, ಕೈಗೆ ಕೆಲ್ಸ ಇಲ್ಲ, ಎದೆ ಡವಡವ ಅನ್ನೋದು. ಡಾಕ್ಟ್ರು ನೋಡಿ ಬಿಪಿ ಏರೈತೆ ಅಂದ್ರು, ಮಾತ್ರೆ ಕೊಟ್ರು. ಮುಂದಿನ್ ತಿಂಗ್ಳು ಹೋದ್ರೆ ಇನ್ನೂ ಏರೈತೆ ಅಂದ್ರು, ಇನ್ನೊಂದು ಮಾತ್ರೆ ಕೊಟ್ರು. ನಮ್ಮಕ್ಕ ಹೊಸಕೋಟೆಯಿಂದ ಬಂದು ಗಾಳಿ ಸೋಕೈತೆ ಅಂತ ತಾಯಿತ ಕಟ್ಟಿದ್ಲು. ಅದನ್ನೂ ಕಟ್ಟಿಸ್ಕಂಡೆ, ಬೇಡ ಅಂದ್ರೆ ಅವ್ಳು ಬಿಡ್ತಾಳಾ?

ಇಲ್ಲಿ ಕೇಳಿ, ಮುಖ್ಯವಾದ್ದು ಇದು. ಮಗ್ಗ ಹೋದ್ಮೇಲೆ ನಿಮ್ಮಜ್ಜಿ ನನ್ನ ಎದುರಿಗೆ ಕೂರೋದು ನಿಂತೋಯ್ತು. ಅಡಿಗೆಮನೇಲಿ ಒಲೆ ಕಡೆ ತಿರುಗ್ಕಂಡು ಮಾತಾಡ್ತಾಳೆ. ನಿಮ್ಮಮ್ಮ ಆ ರೂಮಿಂದ ಈ ರೂಮಿಗೆ ಓಡಾಡ್ತಾ ಮಾತಾಡ್ತಾಳೆ. ನಂಗೆ ಬರೀ ಗುಸುಗುಸು. ಅದೇ ಮಗ್ಗದೋರು ಸೇರೋ ಟೀ ಅಂಗಡಿಗೆ ಹೋದ್ರೆ ಎಲ್ಲಾ ಚೆನ್ನಾಗಿ ಕೇಳ್ಸುತ್ತೆ! ಅವ್ರು ಎದುರಿಗೆ ನಿಂತ್ಕಂಡು ಕೂಗ್ತಾರೆ, ಕೈ ಆಡಿಸ್ತಾರೆ. ನನ್ ಬುದ್ಧಿ ಎಂಥದ್ದು ನೋಡಿ. ಆಚೆ ಕೇಳ್ಸುತ್ತೆ, ಮನೇಲಿ ಕೇಳ್ಸಲ್ಲ. ಅಂದ್ರೆ ಕಿವಿ ಸರಿಯಾಗೈತೆ, ಮನೆಯೋರೇ ಬೇಕಂತ ಮೆತ್ತಗೆ ಮಾತಾಡ್ತಾರೆ. ಯಾಕೆ ಮೆತ್ತಗೆ? ನನ್ ವಿಷ್ಯಾನೇ ಮಾತಾಡ್ತಾರೆ, ಅದಕ್ಕೆ. ದುಡಿಯೋವರೆಗೂ ಯಜಮಾನ, ಈಗ ಮೂಲೇಲಿ ಕೂತವ್ನೆ, ಇವನ್ನ ಏನ್ ಮಾಡೋದು ಅಂತ. ಒಂದು ಸಲ ಮನಸ್ಸಿಗೆ ಬಂತೋ, ಆಮೇಲೆ ಎಲ್ಲಾ ಹಂಗೇ ಕಾಣುತ್ತೆ. ನಿಮ್ಮಮ್ಮ ಬಾಗ್ಲು ಹಾಕಿದ್ರೆ ನನ್ ಮುಖದ ಮೇಲೆ ಹಾಕಿದಂಗೆ. ಬಿಪಿ ಮಾತ್ರೇನೂ ಬಿಟ್ಟುಬಿಟ್ಟೆ, ನಾನು ಇದ್ರೆಷ್ಟು ಹೋದ್ರೆಷ್ಟು ಅಂತ. ಟೀ ಅಂಗಡೀಗೂ ಹೋಗೋದು ಬಿಟ್ಟೆ, ಮನೆ ವಿಷ್ಯ ಕೇಳ್ತಾರೆ, ನಾಚ್ಕೆ.

ಒಂದಿನ ನಾನು ಊಟಕ್ಕೆ ತಟ್ಟೆ ಮುಂದೆ ಕೂತಿದ್ದೆ, ಅತ್ತೆ ಸೊಸೆ ಇಬ್ರೂ ಅಡಿಗೆಮನೇಲಿ ಏನೋ ಹೇಳ್ಕಂಡು ಜೋರಾಗಿ ನಕ್ರು. ನಗ್ತಾ ನಗ್ತಾ ನಿಮ್ಮಮ್ಮ ತಿರುಗಿ ನನ್ನ ನೋಡಿದ್ಲು. ನೋಡಿದ್ದೇ ತಡ, ತಟ್ಟೆ ಆ ಕಡೆ ತಳ್ಳಿ ಎದ್ದೆ. 'ನಿಮ್ಮನೆ ಅನ್ನ ನಂಗೆ ಬೇಡ' ಅಂದೆ. ನನ್ನ ಮನೇಲಿ ಕೂತ್ಕಂಡು ನಿಮ್ಮನೆ ಅಂತೀನಿ, ನೋಡಿ! ಮೂರು ದಿನ ಹಿಂಗೇ. ಬೆಳಿಗ್ಗೆ ತಿಂಡಿ ಇಲ್ಲ, ಮಧ್ಯಾಹ್ನ ಇಲ್ಲ, ಸಾಯಂಕಾಲ ಹಸಿವು ತಡೀದೆ ಎರಡು ತುತ್ತು ನುಂಗೋದು. ಈಗ ನಿಮ್ಮಜ್ಜಿ ಎಂಥ ಹೆಂಗಸು ಅಂದ್ರೆ, ಮದ್ವೆ ಆದಾಗಿಂದ ನಾನು ಉಣ್ಣದೆ ಅವ್ಳು ಉಂಡಿಲ್ಲ. ಅವ್ರಮ್ಮ ಹಂಗೆ ಕಲ್ಸಿದ್ದು. ನಾನು ಎರಡು ತುತ್ತು ಅಂದ್ರೆ ಅವ್ಳೂ ಎರಡು ತುತ್ತು. ನಂಗೆ ಅದು ಗೊತ್ತಿತ್ತು ಕಣ್ರಪ್ಪ. ಸುಳ್ಳು ಯಾಕೆ ಹೇಳ್ಲಿ? ಗೊತ್ತಿತ್ತು, ಹಸ್ಕಂಡಿರ್ಲಿ ಬಿಡು ಅಂತ ಒಳಗೊಳಗೇ ಅನ್ಕಂಡಿದ್ದೆ. ಆದ್ರೆ ಅವ್ಳಿಗೆ ಸಕ್ರೆ ಖಾಯಿಲೆ, ಬೆಳಿಗ್ಗೆ ಮಾತ್ರೆ ತಗೊಂಡು ಹೊಟ್ಟೆಗೆ ಹಾಕ್ದಿದ್ರೆ ಏನಾಗುತ್ತೆ ಅನ್ನೋದು ಗೊತ್ತಿರ್ಲಿಲ್ಲ. ಊಟ ಬಿಟ್ಲು, ಮಾತ್ರೆ ಬಿಡ್ಲಿಲ್ಲ. ಡಾಕ್ಟ್ರು ಬಿಡ್ಬೇಡ ಅಂದವ್ರೆ ಅಂತ!

ಮೂರನೇ ದಿನ, ಹನ್ನೊಂದು ಗಂಟೆ ಇರ್ಬೋದು, ನಾನು ಇದೇ ಜಗಲಿ ಮೇಲೆ ಮುಖ ತಿರುಗಿಸ್ಕಂಡು ಕೂತಿದ್ದೆ. ಒಳಗೆ ಅವ್ಳು ಬಿದ್ದವ್ಳೆ, ಬಿಂದಿಗೆ ಬಿದ್ದೈತೆ, ಕೂಗವ್ಳೆ, ನಂಗೆ ಒಂದೂ ಗೊತ್ತಿಲ್ಲ. ಹತ್ತು ಹೆಜ್ಜೆ ದೂರ ಅಷ್ಟೇ. ನೀರು ಹರ್ಕಂಡು ಬಂದು ಹೊಸ್ತಿಲು ದಾಟಿ ಕಾಲಿಗೆ ತಣ್ಣಗೆ ತಾಗಿದ್ಮೇಲೆ ತಿರುಗಿ ನೋಡಿದ್ದು ನಾನು. ಮೈಯೆಲ್ಲ ಬೆವತು ಒದ್ದೆ, ಕಣ್ಣು ಮೇಲಕ್ಕೆ ಹೋಗೈತೆ. ಹೆದ್ರಿಬಿಟ್ಟೆ, ನನ್ ಜೀವಮಾನದಲ್ಲಿ ಅಷ್ಟು ಹೆದ್ರಿರ್ಲಿಲ್ಲ. ನಿಮ್ಮಮ್ಮ ಹಾಲು ತರೋಕೆ ಹೋಗಿದ್ದೋಳು ಬಂದ್ಲು, ಆಟೋ ಹಿಡಿದ್ವಿ, ಆಸ್ಪತ್ರೆಗೆ ಓಡಿದ್ವಿ.

ಅಲ್ಲಿ ಒಬ್ರು ಡಾಕ್ಟ್ರಮ್ಮ, ಚಿಕ್ಕ ವಯಸ್ಸು, ಮೂಗು ಬಾಯಿಗೆಲ್ಲ ಮಾಸ್ಕು. ನಿಮ್ಮಮ್ಮ ಚೀಟಿ ಮಾಡಿಸೋಕೆ ಹೋಗಿದ್ಲು. ಡಾಕ್ಟ್ರಮ್ಮ ನನ್ನ ಏನೋ ಕೇಳಿದ್ರು, ನಾನು ತಲೆ ಆಡಿಸ್ದೆ. ಇನ್ನೊಂದು ಕೇಳಿದ್ರು, ಅದಕ್ಕೂ ಆಡಿಸ್ದೆ. ಕೇಳ್ಸದಿದ್ರೂ ತಲೆ ಆಡಿಸೋದು ನಮ್ಮ ಮಗ್ಗದೋರ ಚಾಳಿ, ಗದ್ದಲದಲ್ಲಿ ಎಷ್ಟು ಸಲ ಆಂ ಆಂ ಅನ್ನೋಕಾಗುತ್ತೆ? ಅಷ್ಟರಲ್ಲಿ ನರ್ಸಮ್ಮ ಬೆರಳು ಚುಚ್ಚಿ ಸಕ್ರೆ ನೋಡಿದ್ರು, ಪಾತಾಳಕ್ಕೆ ಇಳಿದಿತ್ತಂತೆ. ತಕ್ಷಣ ನರಕ್ಕೆ ಗ್ಲೂಕೋಸ್ ಹಾಕಿದ್ರು. ಆಮೇಲೆ ಡಾಕ್ಟ್ರಮ್ಮ ಸಿಟ್ಟಿಂದ ಮಾಸ್ಕ್ ಇಳಿಸಿದ್ರು.

'ಏನ್ ತಾತಾ, ತಿಂಡಿ ತಿಂದಿದಾರಾ ಅಂತ ಕೇಳಿದ್ರೆ ಹೂಂ ಅಂತ ತಲೆ ಆಡಿಸಿದ್ರಲ್ಲ?'

'ನೀವೆಲ್ಲಿ ಕೇಳಿದ್ರಿ ತಾಯಿ? ಮೂರು ದಿನದಿಂದ ಸರಿಯಾಗಿ ತಿಂದಿಲ್ಲ ಅವ್ಳು.'

ಆಯಮ್ಮ ನನ್ನೇ ದಿಟ್ಟಿಸಿ ನೋಡಿದ್ರು. ಮತ್ತೆ ಮಾಸ್ಕ್ ಏರಿಸ್ಕಂಡು ಏನೋ ಅಂದ್ರು. ನಾನು ಮತ್ತೆ ತಲೆ ಆಡಿಸ್ದೆ. ಮಾಸ್ಕ್ ಇಳಿಸಿದ್ರು.

'ನಿಮ್ಗೆ ಹದಿನೆಂಟು ವರ್ಷಾನಾ ಅಂತ ಕೇಳ್ದೆ. ಹೂಂ ಅಂದ್ರಿ. ಎಷ್ಟು ವರ್ಷದಿಂದ ಕಿವಿ ಕೇಳಲ್ಲ ತಾತ?'

'ನನ್ ಕಿವಿ ಚೆನ್ನಾಗೈತೆ. ನಮ್ಮನೆಯೋರು ಮೆತ್ತಗೆ ಮಾತಾಡ್ತಾರೆ, ಬೇಕಾದ್ರೆ ಅವ್ರನ್ನ ಕೇಳಿ' ಅಂತ ಜೋರಾಗೇ ಅಂದೆ. ವಾರ್ಡಲ್ಲಿದ್ದೋರೆಲ್ಲ ತಿರುಗಿ ನೋಡಿದ್ರು, ಅಷ್ಟು ಜೋರಾಗಿ.

ಆಗ ನಿಮ್ಮಮ್ಮ ಬಂದು ಬಾಗ್ಲಲ್ಲಿ ನಿಂತಿದ್ಲು, ಅಳೋಕೆ ಶುರು ಮಾಡಿದ್ಲು. ನನ್ ಎದುರಿಗೆ ಬಂದು ಹೇಳಿದ್ಲು, ತುಟಿ ಕಾಣೋ ಹಂಗೆ, 'ಮಾವ, ಎಷ್ಟು ಸಲ ಕರೆದ್ರೂ ತಿರುಗ್ತಿರ್ಲಿಲ್ಲ ನೀವು. ನನ್ ಮೇಲೆ ಕೋಪ ಅಂತ ಮಾತಾಡ್ಸೋದೇ ಬಿಟ್ಬಿಟ್ಟೆ.' ಅವತ್ತು ಯಾಕೆ ನಕ್ರಿ ಅಂದೆ. 'ಯಾವತ್ತು?' ಅಂದ್ಲು. ಅವ್ಳಿಗೆ ನೆನಪೇ ಇಲ್ಲ! ಯೋಚ್ನೆ ಮಾಡಿ ಮಾಡಿ ಹೇಳಿದ್ಲು, ಕುಕ್ಕರಿನ ರಬ್ಬರ್ ಹಾಕದೆ ಅನ್ನಕ್ಕಿಟ್ಟು ವಿಷಲ್ ಕಾಯ್ತಾ ಕೂತಿದ್ರಂತೆ, ಅದಕ್ಕೆ ನಕ್ಕಿದ್ದಂತೆ. ಕುಕ್ಕರ್ ರಬ್ಬರಿಗೆ ನಾನು ನಿಮ್ಮಜ್ಜೀನ ಸಾಯಿಸ್ತಿದ್ದೆ ಕಣ್ರಪ್ಪ.

ಡಾಕ್ಟ್ರಮ್ಮ ನನ್ ಬಿಪಿ ನೋಡಿ ಗಾಬರಿಯಾದ್ರು. ಕೂರ್ಸ್ಕಂಡು ಎಲ್ಲಾ ಕೇಳಿದ್ರು, ನಿದ್ದೆ, ಮಗ್ಗ, ಟೀ ಅಂಗಡಿ, ಎಲ್ಲಾನೂ. ಆಮೇಲೆ ಅಂದ್ರು, 'ತಾತ, ಅಜ್ಜೀಗೆ ಗ್ಲೂಕೋಸ್ ಹಾಕಿ ಕಳಿಸ್ಬೋದು. ನಾಳಿದ್ದು ಮತ್ತೆ ಕರ್ಕೊಂಡು ಬರ್ತೀರ. ಮಗ್ಗದ ಸದ್ದಿಗೆ ನಿಮ್ಮ ಕಿವಿ ಹೋಯ್ತು. ಕೇಳದೆ ಅನುಮಾನ ಬಂತು, ಅನುಮಾನಕ್ಕೆ ಊಟ ಬಿಟ್ರಿ, ನೀವು ಬಿಟ್ರಿ ಅಂತ ಅವ್ರು ಬಿಟ್ರು. ನಾನು ಯಾವುದಕ್ಕೆ ಮಾತ್ರೆ ಬರೀಲಿ?' ಮಗ್ಗ ಹಾಕೋನಿಗೆ ಇದು ತಿಳೀದೇ ಇರೋ ವಿಷ್ಯಾನಾ? ಸೀರೇಲಿ ಗೆರೆ ಬಿದ್ರೆ ಸೀರೆ ತಿದ್ದಲ್ಲ ನಾವು, ಹಿಂದೆ ಹೋಗಿ ಎಲ್ಲಿ ನೂಲು ಕಿತ್ತೈತೆ ಅಂತ ಹುಡುಕ್ತೀವಿ. ಮನುಷ್ಯರ ವಿಷ್ಯದಲ್ಲಿ ಮಾತ್ರ ಆ ಬುದ್ಧಿ ಎಲ್ಲಿಗೋ ಹೋಗ್ಬಿಡುತ್ತೆ.

ಕಿವಿಗೆ ಈ ಮಿಷನ್ ಬಂತು. ಮೊದಮೊದ್ಲು ತಲೆನೋವು, ಸ್ಪೂನ್ ಬಿದ್ರೂ ಬೆಚ್ಚಿಬೀಳೋದು, ಕಿತ್ತು ಬಿಸಾಕ್ಬಿಡೋಣ ಅನ್ಸೋದು. ಬಿಪಿ ಮಾತ್ರೆ ಮತ್ತೆ ಶುರು ಮಾಡ್ದೆ. ಟೀ ಅಂಗಡೀಗೂ ಹೋದೆ, ಅಲ್ಲಿದ್ದೋರಲ್ಲಿ ಇಬ್ರನ್ನ ಕಿವಿ ತೋರ್ಸೋಕೆ ಎಳ್ಕಂಡು ಹೋದೆ. ನಿದ್ದೆ ಒಂದು ಮಾತ್ರ ಇವತ್ತಿಗೂ ಅಷ್ಟಕ್ಕಷ್ಟೇ. ಊಟದ ವಿಷ್ಯ ಅಂತೂ ದೊಡ್ಡ ರಾಮಾಯಣ ಆಯ್ತು. ನೀನು ಮೊದ್ಲು ತಿನ್ನು ಅಂದ್ರೆ ನಿಮ್ಮಜ್ಜಿ, 'ಇಷ್ಟು ವರ್ಷದ ಮೇಲೆ ನನ್ನ ಕೈಲಿ ಆಗಲ್ಲ, ಗಂಟಲಲ್ಲಿ ಇಳಿಯಲ್ಲ' ಅಂತಾಳೆ. ನಾನು ಬಿಡ್ತೀನಾ? ಎದುರಿಗೆ ಕೂತ್ಕಂಡೆ, ಅವ್ಳು ತಿನ್ನದೆ ನಾನು ತಟ್ಟೆ ಮುಟ್ಟಲ್ಲ ಅಂದೆ. ನಾನು ಮೊಂಡ ಅಂತ ಅವ್ಳಿಗೆ ಚೆನ್ನಾಗಿ ಗೊತ್ತಲ್ಲ, ಅತ್ಕಂಡೇ ಒಂದು ಇಡ್ಲಿ ತಿಂದ್ಲು.

ಇಷ್ಟೇ ಕಣ್ರಪ್ಪ. ಕೇಳ್ಸದಿದ್ರೆ ಕೇಳ್ಸ್ಲಿಲ್ಲ ಅನ್ನಿ, ತಲೆ ಆಡಿಸ್ಬೇಡಿ. ಕೋಪ ಬಂದ್ರೆ ಬಯ್ಯಿರಿ, ತಟ್ಟೆ ತಳ್ಬೇಡಿ, ನೀವು ಬಿಟ್ಟ ಊಟ ಇನ್ನೊಬ್ರ ಹೊಟ್ಟೆ ಸುಡುತ್ತೆ. ಗಂಟೆ ಎಷ್ಟಾಯ್ತು? ಒಂದೂವರೆನಾ? ಏಳ್ರೋ ಏಳ್ರೋ, ಅಜ್ಜಿ ಇನ್ನೂ ಉಂಡಿಲ್ಲ.